ಹರಾಜು ರದ್ದು ಮಾಡಲು ಹೋಗಿ ತಪ್ಪು ಬಟನ್ ಒತ್ತಿದರೆ ಏನು ಮಾಡಬೇಕು?

ನಮ್ಮ ಕೊಡಗಿನ ನಾಪೋಕ್ಲು ಕಡೆ ಜುಲೈ ಮಳೆಯಲ್ಲಿ ಆನ್‌ಲೈನ್ ವ್ಯವಹಾರ ಇಟ್ಟುಕೊಳ್ಳಬಾರದು. ಗೊತ್ತಿದ್ದೂ ಇಟ್ಟುಕೊಂಡೆ. ಅಟ್ಟದ ಮೇಲೆ ಅಜ್ಜನ ಕಾಲದ ಎರಡು ಕಾಫಿ ಪುಡಿ ಮಾಡುವ ಕೈ ಮಿಶನ್ ಇದ್ದವು, ಎರಡನ್ನೂ ಒಂದು ಹರಾಜು ಸೈಟಿಗೆ ಹಾಕಿದ್ದೆ. ಹೆಸರು ಹೆಚ್ಚುಕಮ್ಮಿ ಒಂದೇ: ‘ಹಳೆ ಕಾಫಿ ಮಿಶನ್ 1’, ‘ಹಳೆ ಕಾಫಿ ಮಿಶನ್ 2’. ಒರೆಸುವಾಗ ಎರಡನೆಯದು ಕೈಜಾರಿ ಬಿತ್ತು. ಬೀಡು ಕಬ್ಬಿಣ ಅಲ್ವಾ, ಹಿಡಿ ಎರಡು ತುಂಡು.

ಅದರ ಹರಾಜು ನಿಲ್ಲಿಸೋಣ ಅಂತ ಫೋನ್ ತೆಗೆದೆ. ಗಡಿಬಿಡಿಯಲ್ಲಿ ರದ್ದು ಮಾಡಿದ್ದು ಒಂದನೆಯದನ್ನು! ಅಯ್ಯೋ ಅಂದುಕೊಂಡು ಎರಡನೆಯದಕ್ಕೆ ಹೋದರೆ ಅಲ್ಲಿ ಎರಡು ಆಯ್ಕೆ: ಹೆಚ್ಚು ಕೂಗಿದವರಿಗೆ ಮಾರಿ ಮುಗಿಸುವುದು, ಇಲ್ಲವೇ ಬಿಡ್‌ಗಳನ್ನೆಲ್ಲ ರದ್ದು ಮಾಡಿ ಮುಗಿಸುವುದು. ಮೊದಲ ಆಯ್ಕೆಗೆ ಆಗಲೇ ಚುಕ್ಕೆ ಬಿದ್ದಿತ್ತು. ನೋಡದೆ ಒತ್ತಿಬಿಟ್ಟೆ. ಕರೆಂಟ್ ಬೆಳಿಗ್ಗೆಯೇ ಹೋಗಿತ್ತು, ಅಷ್ಟರಲ್ಲಿ ಟವರೂ ಹೋಯಿತು. ಮತ್ತೆ ನೆಟ್‌ವರ್ಕ್ ಬರುವಾಗ ಮೈಸೂರಿನವರೊಬ್ಬರು ಮುರಿದ ಮಿಶನ್‌ಗೆ 2,600 ರೂಪಾಯಿ ಕಟ್ಟಿ ಆಗಿತ್ತು.

ಇಂಥ ಹೊತ್ತಲ್ಲಿ ಮೊದಲ ಕೆಲಸ, ಫೋನ್ ಕೆಳಗಿಡುವುದು. ನನ್ನ ಮೊದಲ ತಪ್ಪು ಸಣ್ಣದು, ಅದನ್ನು ಸರಿಮಾಡಲು ಒತ್ತಿದ ಎರಡನೇ ಬಟನ್ನೇ ಕೆಲಸ ಕೆಡಿಸಿದ್ದು. ಇರುವ ಪರದೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಆಮೇಲೆ ನಿಧಾನಕ್ಕೆ ನೋಡಿ: ಬರೀ ಬಿಡ್ ರದ್ದಾಗಿದೆಯಾ, ಇಲ್ಲ ಮಾರಾಟವೇ ಆಗಿಹೋಗಿದೆಯಾ?

ಎರಡಕ್ಕೂ ಬಹಳ ವ್ಯತ್ಯಾಸ ಇದೆ. 1930ರ ಸರಕು ಮಾರಾಟ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ ಸುತ್ತಿಗೆ ಬೀಳುವವರೆಗೆ, ಅಂದರೆ ಹರಾಜು ಮುಗಿಯಿತು ಅಂತ ಸಾರುವವರೆಗೆ, ಕೂಗಿದವರು ಹಿಂದೆ ಸರಿಯಬಹುದು, ಬಿದ್ದ ಮೇಲೆ ಮಾರಾಟ ಮುಗಿಯಿತು. ‘ನಾನು ತಪ್ಪಿ ಒತ್ತಿದೆ, ಹಾಗಾಗಿ ವ್ಯವಹಾರ ಇಲ್ಲ’ ಅನ್ನಲೂ ಆಗುವುದಿಲ್ಲ. ಒಬ್ಬರ ಕಡೆಯ ತಪ್ಪು ತಿಳಿವಳಿಕೆ ಇತ್ತು ಅಂದಮಾತ್ರಕ್ಕೆ ಒಪ್ಪಂದ ಮುರಿಯಲು ಬರುವುದಿಲ್ಲ ಅಂತ 1872ರ ಕರಾರು ಕಾಯ್ದೆಯ 22ನೇ ಸೆಕ್ಷನ್ ಹೇಳುತ್ತದೆ. ಅಂದರೆ ಕೊಂಡವರನ್ನು ಕೇಳಿಕೊಳ್ಳಬೇಕು, ಅಷ್ಟೇ.

ಕೇಳುವುದು ಹೇಗೆ? ಸೈಟಿನ ಒಳಗಿನ ಮೆಸೇಜಿನಲ್ಲೇ ಕೇಳಿ, ಬರವಣಿಗೆಯಲ್ಲಿ ಉಳಿಯುತ್ತದೆ. ಮಳೆ, ಕರೆಂಟು, ಟವರು ಅಂತ ಪುರಾಣ ಬೇಡ. ನಾನು ಬರೆದದ್ದು ಇಷ್ಟು: “ಸರ್, ತಪ್ಪು ನನ್ನದು. ಈ ಮಿಶನ್‌ನ ಹಿಡಿ ಇವತ್ತು ಮುರಿಯಿತು, ಫೋಟೊ ಹಾಕಿದ್ದೇನೆ. ಹರಾಜು ರದ್ದು ಮಾಡಲು ಹೋಗಿ ನಿಮಗೆ ಮಾರಿಬಿಟ್ಟೆ. ನಿಮ್ಮ ಪೂರ್ತಿ ಹಣ ವಾಪಸ್ ಕೊಡುತ್ತೇನೆ. ಹೀಗೇ ಬೇಕು ಅಂದರೆ ಬೆಲೆ ನೀವೇ ಹೇಳಿ.” ಫೋಟೊದಲ್ಲಿ ಮುರಿದ ಜಾಗ ಹತ್ತಿರದಿಂದ ಕಾಣಲಿ. ‘ಒಂದನೆಯದು ಚೆನ್ನಾಗಿದೆ, ಅದನ್ನೇ ಕೊಡ್ತೀನಿ’ ಅನ್ನುವ ಆಸೆ ನನಗೂ ಬಂತು. ಆದರೆ ಅದಕ್ಕೆ ಬೇರೆ ಮೂರು ಜನ ಕೂಗಿದ್ದರು, ಅವರಿಗೆ ಆಗಲೇ ‘ರದ್ದಾಗಿದೆ’ ಅಂತ ಸೂಚನೆ ಹೋಗಿತ್ತು. ಅವರ ಕಣ್ಣಿಗೆ ಇದು ಮೋಸದ ಹಾಗೇ ಕಾಣುತ್ತದೆ.

ಕೊಂಡವರು ರದ್ದಿಗೆ ಒಪ್ಪಿದರೆ ಸೈಟ್ ಕಾರಣ ಕೇಳುತ್ತದೆ. ಇಲ್ಲಿ ಜಾಸ್ತಿ ಜನ ಜಾರುತ್ತಾರೆ. ‘ಕೊಂಡವರೇ ಬೇಡ ಅಂದರು’ ಅಂತ ಹಾಕಿದರೆ ನಿಮ್ಮ ಖಾತೆಗೆ ಕಪ್ಪುಚುಕ್ಕೆ ಬೀಳುವುದಿಲ್ಲ, ನಿಜ. ಆದರೆ ಅವರು ಹಾಗೆ ಅಂದಿಲ್ಲವಲ್ಲ. ಒಂದು ದೂರು ಕೊಟ್ಟರೆ ಸಾಕು, ಮೇಲಿನ ಮೆಸೇಜೇ ನಿಮ್ಮ ವಿರುದ್ಧ ಸಾಕ್ಷಿ. ‘ವಸ್ತು ಹಾಳಾಗಿದೆ’ ಅಂತಲೇ ಹಾಕಿ, ಬಿದ್ದ ಚುಕ್ಕೆ ಬೀಳಲಿ.

ಹಣ ಬಂದ ದಾರಿಯಲ್ಲೇ ವಾಪಸ್ ಹೋಗಲಿ. ಸೈಟಿನಲ್ಲಿ ರೀಫಂಡ್ ಬಟನ್ ಇದ್ದರೆ ಅದೇ ಒಳ್ಳೆಯದು. ಯುಪಿಐನಲ್ಲಿ ಕಳಿಸುವುದಾದರೆ ಕೊಂಡವರಿಗೆ ನಿಮ್ಮ ಮೇಲೇ ಅನುಮಾನ ಬರಬಹುದು, ತಪ್ಪೇನಿಲ್ಲ. ಹಣ ಪಡೆಯಲು ಪಿನ್ ಒತ್ತಬೇಕಿಲ್ಲ ಅಂತ ನೀವೇ ಮೊದಲು ಹೇಳಿ. ಎದುರಿನವರು ‘ಜಾಸ್ತಿ ಕಳಿಸಿಬಿಟ್ಟೆ, ಉಳಿದದ್ದು ಬೇರೆ ನಂಬರಿಗೆ ಹಾಕಿ’ ಅಂದರೆ ಮಾತ್ರ ಕಳಿಸಬೇಡಿ, ಮೋಸ ಇರಬಹುದು. ಹಣ ಹೋದರೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. (ಮೇಲಿನ ಕಾಯ್ದೆಯ ಇಸವಿಯೂ ಇದೇ, ನೆನಪಿಡಲು ಸುಲಭ.)

ನನ್ನ ಮೈಸೂರಿನವರು ರದ್ದು ಬೇಡ ಅಂದರು. ಅವರ ಹತ್ತಿರ ಅಂಥದ್ದೇ ಒಂದು ಹಿಡಿ ಇತ್ತಂತೆ. 1,200 ಇಟ್ಟುಕೊಂಡು ಉಳಿದ 1,400 ಸೈಟಿನ ಮೂಲಕವೇ ವಾಪಸ್ ಹಾಕಿದೆ.

ಒಂದನೇ ಮಿಶನ್ ಮತ್ತೆ ಹರಾಜಿಗೆ ಹಾಕಿದ್ದೇನೆ. ಈ ಸಲ ಸೀಮೆಸುಣ್ಣದಲ್ಲಿ ಅದರ ಮೈಮೇಲೇ ನಂಬರ್ ಬರೆದು ಫೋಟೊ ತೆಗೆದೆ, ಹಳೇ ಮೂರು ಜನರಿಗೂ ತಿಳಿಸಿದೆ. ಇನ್ನೊಂದು ಮಾತು: ರದ್ದು ಮಾಡುವುದಿದ್ದರೆ ಕೊನೆಯ ದಿನದವರೆಗೆ ಕಾಯಬೇಡಿ. ಈಬೇ ಹರಾಜು ಸೈಟಿನಲ್ಲಂತೂ ಬಿಡ್ ಬಿದ್ದಿದ್ದು, 12 ಗಂಟೆಗಿಂತ ಕಡಿಮೆ ಉಳಿದಿದ್ದರೆ ಬಿಡ್ ರದ್ದು ಮಾಡಿ ಮುಗಿಸಲು ಬಿಡುವುದಿಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ಆ 12 ಗಂಟೆಯೂ ಟವರ್ ಇಲ್ಲದೆ ಕಳೆದುಹೋಗಬಹುದು.