ಬುಡಾಪೆಸ್ಟ್‌ನಲ್ಲಿ ಒಂದು ವೀಕೆಂಡ್: ಎರಡನೇ ನಂಬರ್ ಟ್ರ್ಯಾಮ್ ಹಿಡಿದು ಸುತ್ತಿದ್ದು

ನಾನಿರುವ ವಿಯೆನ್ನಾದಿಂದ ಬುಡಾಪೆಸ್ಟ್‌ಗೆ ರೈಲಿನಲ್ಲಿ ಸುಮಾರು 2 ಗಂಟೆ 40 ನಿಮಿಷ. ಶನಿವಾರ ಬೆಳಗ್ಗೆ ಬೇಗ ಹೊರಟರೆ ಊಟದ ಹೊತ್ತಿಗೂ ಮುಂಚೆ ಕೆಲೆಟಿ ಸ್ಟೇಷನ್‌ನಲ್ಲಿ ಇಳಿಯಬಹುದು. ಕಾಲೇಜಿನ ಗೆಳತಿ ಮ್ಯೂನಿಕ್‌ನಿಂದ ಹಿಂದಿನ ದಿನವೇ ನನ್ನ ಮನೆಗೆ ಬಂದಿದ್ದಳು, ಕೈಯಲ್ಲಿ ಎರಡು ಪುಟದ ಪಟ್ಟಿ. ಮ್ಯೂಸಿಯಂ, ಚರ್ಚು, ಗುಹೆ, ದ್ವೀಪ, ಎಲ್ಲಾ. "ಇಷ್ಟೆಲ್ಲ ನೋಡೋಕೆ ಹೋದ್ರೆ ಏನೂ ನೋಡಿದ ಹಾಗಾಗಲ್ಲ ಕಣೇ" ಅಂತ ಹೇಳಿ ರೈಲಿನಲ್ಲೇ ಅರ್ಧ ಹೊಡೆದು ಹಾಕಿದೆವು. ಡ್ಯಾನ್ಯೂಬ್ ನದಿ ಊರನ್ನು ಸೀಳಿಕೊಂಡು ಹರಿಯುತ್ತದೆ, ಒಂದು ಕಡೆ ಗುಡ್ಡದ ಬುಡಾ, ಇನ್ನೊಂದು ಕಡೆ ಸಮತಟ್ಟಾದ ಪೆಸ್ಟ್. ಇವೆರಡೂ ಹಳೆಯ ಓಬುಡಾ ಜೊತೆ ಸೇರಿ ಒಂದೇ ಊರಾಗಿದ್ದು 1873ರಲ್ಲಿ. ಹಾಗಾಗಿ ನದಿಯಿಂದ ಜಾಸ್ತಿ ದೂರ ಹೋಗುವುದು ಬೇಡ ಅಂತ ತೀರ್ಮಾನ.

ವೀಸಾ ವಿಷಯ ಕೇಳುವವರಿಗೆ: ಇಬ್ಬರ ಹತ್ತಿರವೂ ಷೆಂಗೆನ್ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಕೂಟ) ದೇಶದ ರೆಸಿಡೆನ್ಸ್ ಪರ್ಮಿಟ್ ಇದೆ, ಬೇರೇನೂ ಬೇಕಾಗಲಿಲ್ಲ. ಪಾಸ್‌ಪೋರ್ಟ್ ಮಾತ್ರ ಜೊತೆಗಿರಲಿ.

ಇಳಿದ ಕೂಡಲೇ ಮಾಡಿದ ಮೊದಲ ಕೆಲಸ, ಬುಡಾಪೆಸ್ಟ್‌ಗೋ ಆ್ಯಪ್‌ನಲ್ಲಿ ಪಾಸ್ ತೆಗೆದುಕೊಂಡಿದ್ದು. ಮೆಟ್ರೋ, ಟ್ರ್ಯಾಮ್, ಬಸ್ಸು ಎಲ್ಲಕ್ಕೂ ಅದೊಂದೇ. ಬಿಡಿ ಕಾಗದದ ಟಿಕೆಟ್ ತೆಗೆದುಕೊಂಡರೆ ಪ್ರತಿ ಸಲವೂ ಮೆಷಿನ್‌ಗೆ ಹಾಕಿ ಗುರುತು ಮಾಡಿಸಬೇಕು, ಮರೆತರೆ ದಂಡ. ಮೆಟ್ರೋ ಎಸ್ಕಲೇಟರ್ ಹತ್ತಿರ ಚೆಕ್ ಮಾಡುವವರು ನಿಂತೇ ಇರುತ್ತಾರೆ.

ಆಮೇಲೆ ಸೀದಾ ಎರಡನೇ ನಂಬರ್ ಟ್ರ್ಯಾಮ್. ದುಡ್ಡು ಕೊಟ್ಟು ಟೂರಿಸ್ಟ್ ಬಸ್ ಹತ್ತುವವರನ್ನು ಕಂಡರೆ ನನಗೆ ಪಾಪ ಅನಿಸುತ್ತದೆ, ಯಾಕೆಂದರೆ ಈ ಟ್ರ್ಯಾಮ್ ಪೆಸ್ಟ್ ಕಡೆಯ ದಡದ ಉದ್ದಕ್ಕೂ ಹೋಗುತ್ತದೆ, ಪಾರ್ಲಿಮೆಂಟು, 1849ರ ಚೈನ್ ಬ್ರಿಜ್, ಎದುರು ದಡದ ಅರಮನೆ ಎಲ್ಲವನ್ನೂ ಕಿಟಕಿಯಲ್ಲೇ ತೋರಿಸಿ ಕೊನೆಗೆ ದೊಡ್ಡ ಮಾರ್ಕೆಟ್ ಹತ್ತಿರ ಇಳಿಸುತ್ತದೆ. ನದಿ ಕಡೆಯ ಸೀಟು ಹಿಡಿಯಿರಿ, ಅಷ್ಟೇ.

ಮಾರ್ಕೆಟ್ಟಿಗೆ ಶನಿವಾರವೇ ಹೋಗಬೇಕು, ಭಾನುವಾರ ಬಾಗಿಲು ಹಾಕಿರುತ್ತದೆ. ಶನಿವಾರವೂ ಬೇಗ ಮುಚ್ಚುತ್ತಾರೆ. 1897ರ ಕಟ್ಟಡ, ಕಬ್ಬಿಣದ ಕಂಬಗಳು, ಕೆಳಗೆ ಸಾಲು ಸಾಲು ಪ್ಯಾಪ್ರಿಕಾ ಪುಡಿ. ಖಾರದ್ದಕ್ಕೆ 'ಚಿಪೋಶ್', ಸಪ್ಪೆಯದಕ್ಕೆ 'ಎಡೆಶ್' ಅಂತ ಬರೆದಿರುತ್ತದೆ. ಎಡೆಶ್ ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಹಾಗೆ, ಬಣ್ಣ ಭರ್ತಿ, ಖಾರ ಕಡಿಮೆ. ಮೇಲಿನ ಮಹಡಿಯಲ್ಲಿ ಊಟದ ಅಂಗಡಿಗಳಿವೆ. ನನ್ನಂಥ ಸಸ್ಯಾಹಾರಿಗೆ ಗುಲಾಶ್ ಆಗುವುದಿಲ್ಲ, ಅದು ಮಾಂಸದ ಸಾರು. ನಾನು ತಿಂದಿದ್ದು ಲಾಂಗೋಶ್: ಹುದುಗು ಬಂದ ಹಿಟ್ಟನ್ನು ತಟ್ಟೆಯಗಲ ಕರಿದು, ಮೇಲೆ ಬೆಳ್ಳುಳ್ಳಿ ನೀರು, ಹುಳಿ ಕೆನೆ, ತುರಿದ ಚೀಸ್. ಯಾವುದರಲ್ಲಿ ಕರಿಯುತ್ತೀರಿ ಅಂತ ಕೇಳಿಯೇ ತೆಗೆದುಕೊಳ್ಳಿ. ಒಂದನ್ನು ಇಬ್ಬರು ಹಂಚಿಕೊಂಡರೂ ಸಾಯಂಕಾಲದವರೆಗೆ ಹಸಿವಿಲ್ಲ.

ಪಾರ್ಲಿಮೆಂಟ್ ಒಳಗೆ ಹೋಗಲಿಲ್ಲ. ಟಿಕೆಟ್ಟನ್ನು ಎಷ್ಟೋ ದಿನ ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು, ಜೊತೆಗೆ ಯುರೋಪಿಯನ್ ಯೂನಿಯನ್‌ನವರಿಗಿಂತ ನಮಗೆ ದರ ಜಾಸ್ತಿ. ಹೊರಗಿನಿಂದ ನೋಡಿದ್ದಕ್ಕೇ ನನಗೆ ತೃಪ್ತಿ. ಗುಮ್ಮಟದ ಎತ್ತರ 96 ಮೀಟರ್, ಸೇಂಟ್ ಸ್ಟೀಫನ್ ಬೆಸಿಲಿಕಾ ಕೂಡ ಅಷ್ಟೇ, ಹಂಗೇರಿಯನ್ನರ ಪೂರ್ವಜರು ಇಲ್ಲಿಗೆ ಬಂದು ನೆಲೆಸಿದ್ದು 896ರಲ್ಲಿ ಅನ್ನುವ ನೆನಪಿಗೆ.

ಅಲ್ಲಿಂದ ನದಿಯಂಚಿನಲ್ಲಿ ಸ್ವಲ್ಪ ನಡೆದರೆ ಕಬ್ಬಿಣದ ಚಪ್ಪಲಿ, ಬೂಟುಗಳ ಸಾಲು. ಅರವತ್ತು ಜೊತೆ. ಅದರಲ್ಲಿ ಮಕ್ಕಳದ್ದೂ ಇವೆ. 1944-45ರ ಚಳಿಗಾಲದಲ್ಲಿ ಹಂಗೇರಿಯ ನಾಜಿ ಪರ ಆ್ಯರೋ ಕ್ರಾಸ್ ಪಕ್ಷದವರು ಯಹೂದಿಗಳನ್ನು ಇಲ್ಲಿ ನಿಲ್ಲಿಸಿ, ಬೂಟು ಬಿಚ್ಚಿಸಿ, ನದಿಗೆ ಬೀಳುವಂತೆ ಗುಂಡು ಹೊಡೆದರು. ಆಗ ಬೂಟಿಗೂ ಬೆಲೆ ಇತ್ತಲ್ಲ. 2005ರಲ್ಲಿ ಮಾಡಿದ ಸ್ಮಾರಕವಿದು. ಅಲ್ಲಿ ಕಾಲು ಇಟ್ಟು ಫೋಟೋ ತೆಗೆಸಿಕೊಳ್ಳುವವರೂ ಇದ್ದರು. ಗೆಳತಿಗೆ ಕೋಪ ಬಂದು ಒಬ್ಬರಿಗೆ ಹೇಳಿಯೇಬಿಟ್ಟಳು. ಒಳ್ಳೆಯದೇ ಮಾಡಿದಳು.

ಕತ್ತಲಾದ ಮೇಲೆ ಮೆಟ್ರೋದಲ್ಲಿ ನದಿ ದಾಟಿ ಬಟ್ಟ್ಯಾನಿ ಚೌಕದಲ್ಲಿ ಇಳಿಯಿರಿ. ದೀಪ ಹಾಕಿದ ಪಾರ್ಲಿಮೆಂಟು ನೇರ ಎದುರಿಗೆ. ದೋಣಿಯವರು ತೋರಿಸುವುದೂ ಇದನ್ನೇ, ಇಲ್ಲಿ ಪುಕ್ಕಟೆ.

ಭಾನುವಾರ ಬೆಳಗ್ಗೆ 16ನೇ ನಂಬರ್ ಬಸ್ಸಿನಲ್ಲಿ ಅರಮನೆ ಗುಡ್ಡ ಹತ್ತಿದೆವು. ಹಗ್ಗದ ರೈಲಿನ ಕ್ಯೂ ನೋಡಿಯೇ ಸುಸ್ತಾಗಿತ್ತು, ನಮ್ಮ ಪಾಸೂ ಅದಕ್ಕೆ ನಡೆಯುವುದಿಲ್ಲ. ಮೇಲೆ ಫಿಷರ್‌ಮನ್ಸ್ ಬ್ಯಾಸ್ಟಿಯನ್‌ಗೆ ಬೇಗ ಹೋದಷ್ಟೂ ಒಳ್ಳೆಯದು. ಕೋಟೆಯ ಹಾಗೆ ಕಂಡರೂ ಯಾವ ಯುದ್ಧಕ್ಕೆಂದೂ ಕಟ್ಟಿದ್ದಲ್ಲ, 1902ರಲ್ಲಿ ಮುಗಿದ ಅಲಂಕಾರ ಅದು. ಮೇಲಿನ ಹಂತಕ್ಕೆ ಟಿಕೆಟ್ ಕೇಳುತ್ತಾರೆ, ಕೆಳಗಿನ ಕಮಾನುಗಳಿಂದಲೂ ಅದೇ ನೋಟ.

ಮಧ್ಯಾಹ್ನ ಸೆಚೆನಿ ಸ್ನಾನಗೃಹ. ಹೋಗುವುದು ಒಂದನೇ ಲೈನ್ ಮೆಟ್ರೋದಲ್ಲಿ, 1896ರದ್ದು, ಯುರೋಪಿನ ಮುಖ್ಯ ಭೂಭಾಗದಲ್ಲೇ ಮೊದಲನೆಯದು. ಬಿಳಿ ಟೈಲ್ಸ್, ಮರದ ಚೌಕಟ್ಟು, ಕೆಲವೇ ಮೆಟ್ಟಿಲು ಇಳಿದರೆ ಪ್ಲಾಟ್‌ಫಾರ್ಮ್. ಸ್ನಾನಗೃಹ ಶುರುವಾಗಿದ್ದು 1913ರಲ್ಲಿ. ಚಿತ್ರಕಲಾವಿದೆ ಅಮೃತಾ ಶೇರ್ಗಿಲ್ ಇದೇ ಊರಿನಲ್ಲಿ ಹುಟ್ಟಿದ್ದೂ ಅದೇ ವರ್ಷ, ಅವರ ತಾಯಿ ಹಂಗೇರಿಯವರು. "ಎಲ್ಲರ ಮುಂದೆ ಈಜುಡುಗೆ ಹಾಕ್ಕೊಂಡು ಹೇಗೇ?" ಅಂತ ಗೆಳತಿಗೆ ಮುಜುಗರ. ಅಲ್ಲಿ ಅಜ್ಜ ಅಜ್ಜಿಯರೆಲ್ಲ ಆರಾಮಾಗಿ ಓಡಾಡುತ್ತಾರೆ, ಯಾರೂ ಯಾರನ್ನೂ ನೋಡುವುದಿಲ್ಲ. ಸುಮಾರು 38 ಡಿಗ್ರಿಯ ಬಯಲು ಕೊಳದಲ್ಲಿ ಎದೆಮಟ್ಟ ನೀರಲ್ಲಿ ನಿಂತು ಚೆಸ್ ಆಡುತ್ತಿದ್ದವರನ್ನು ನೋಡುತ್ತಾ ಕೂತವಳು ಕೊನೆಗೆ ಏಳುವುದೇ ಇಲ್ಲ ಅಂದಳು! ಟವೆಲ್, ಹವಾಯಿ ಚಪ್ಪಲಿ ನೀವೇ ಒಯ್ಯಿರಿ. ಈಜುವ ಕೊಳಕ್ಕೆ ಟೋಪಿ ಕಡ್ಡಾಯ.

ದುಡ್ಡಿನ ಮಾತು. ಕರೆನ್ಸಿ ಫೊರಿಂಟ್, ಆದರೆ ಕಾರ್ಡ್ ಬಹುತೇಕ ಎಲ್ಲ ಕಡೆ ನಡೆಯುತ್ತದೆ. ಮೆಷಿನ್ "ಯೂರೋದಲ್ಲಿ ಕಡಿತ ಮಾಡಲೇ?" ಅಂತ ಕೇಳಿದರೆ ಬೇಡ ಅನ್ನಿ, ಅವರ ದರ ಯಾವಾಗಲೂ ನಮಗೆ ನಷ್ಟ. ಹೋಟೆಲ್ ಬಿಲ್ಲಿನಲ್ಲಿ 'ಸರ್ವಿಸ್‌ದೀಯ್' ಅಂತ ಇದ್ದರೆ ಟಿಪ್ಸ್ ಸೇರಿದೆ ಅಂತಲೇ, ಮತ್ತೆ ಕೊಡಬೇಕಿಲ್ಲ. ವಾಪಸ್ ರೈಲಿಗೆ ಟಿಕೆಟ್ ಜೊತೆ ಸೀಟನ್ನೂ ರಿಸರ್ವ್ ಮಾಡಿಸಿ, ಭಾನುವಾರ ಸಾಯಂಕಾಲ ನಿಂತುಕೊಂಡು ಬಂದವರೂ ಇದ್ದರು.