ಮತ್ತೆ ಮತ್ತೆ ಬರುವ ಗಣಿತದ ಪ್ರಶ್ನೆಗಳಿಗೆ ಉತ್ತರ ಕೂಡಿಡುವ ಬಗೆ

ಗಣಿತದ ಚರ್ಚೆ ನಡೆಯುವ ಅಂತರ್ಜಾಲ ಬಳಗಗಳಲ್ಲಿ 0.999… (ದಶಾಂಶ ಬಿಂದುವಿನ ನಂತರ ಕೊನೆಯಿಲ್ಲದೆ 9 ಬರುವ ಸಂಖ್ಯೆ) ಎಂಬುದು 1ಕ್ಕೆ ಸಮವೇ ಎಂಬ ಪ್ರಶ್ನೆ ಎಷ್ಟು ಸಲ ಉತ್ತರಿಸಿದರೂ ಮುಗಿಯುವುದಿಲ್ಲ. ಯೂಸ್‌ನೆಟ್ ಎಂಬ ಹಳೆಯ ಚರ್ಚಾಜಾಲದ ಕಾಲದಲ್ಲಿ ಸೈ ಡಾಟ್ ಮ್ಯಾತ್ (sci.math) ಎಂಬ ಗಣಿತದ ಗುಂಪಿನವರು ಇಂಥ ಪ್ರಶ್ನೆಗಳ ಉತ್ತರಗಳನ್ನು ಒಂದೆಡೆ ಕೂಡಿಸಿ, ಆ ಕಡತವನ್ನು ಕಾಲಕಾಲಕ್ಕೆ ಗುಂಪಿಗೆ ಕಳಿಸುತ್ತಿದ್ದರು. 2010ರಲ್ಲಿ ಆರಂಭವಾದ ಮ್ಯಾತ್ ಸ್ಟಾಕ್ ಎಕ್ಸ್‌ಚೇಂಜ್ ಎಂಬ ಪ್ರಶ್ನೋತ್ತರ ತಾಣದಲ್ಲಿ ಹೊಸ ಪ್ರಶ್ನೆಯನ್ನು ಹಳೆಯದರ ಪುನರಾವೃತ್ತಿ ಎಂದು ಗುರುತಿಸಿ ಹಳೆಯ ಉತ್ತರಕ್ಕೆ ಕೊಂಡಿ ಹಾಕುತ್ತಾರೆ. ನಿಮ್ಮದು ವಾಟ್ಸ್ಆ್ಯಪ್ ಗುಂಪೇ ಆಗಿದ್ದರೂ ಈ ಎರಡು ಕ್ರಮಗಳನ್ನು ಬೆರೆಸಿಕೊಳ್ಳಬಹುದು.

ಮೊದಲಿಗೆ, ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. "ಮೂರನೇ ಒಂದನ್ನು ಮೂರು ಸಲ ಕೂಡಿದರೆ 0.999… ಬರುತ್ತದಲ್ಲ, ಉಳಿದದ್ದು ಎಲ್ಲಿ ಹೋಯಿತು?" ಎಂದು ಒಬ್ಬರು, "1ರ ಹಿಂದಿನ ಸಂಖ್ಯೆ ಯಾವುದು?" ಎಂದು ಇನ್ನೊಬ್ಬರು ಕೇಳುತ್ತಾರೆ, ಮಾತು ಬೇರೆಯಾದರೂ ಒಳಗಿನ ಗೊಂದಲ ಹೆಚ್ಚುಕಡಿಮೆ ಒಂದೇ. ಹುಡುಕುವವರು ತಮಗೆ ತೋಚಿದ ಪದವನ್ನೇ ಹುಡುಕುವುದರಿಂದ, ಪ್ರಶ್ನೆಯ ಎಲ್ಲ ರೂಪಗಳನ್ನೂ ಉತ್ತರದ ಮೇಲೆ ನಮೂದಿಸಿ. 'ಮಿತಿ' ಮತ್ತು 'ಲಿಮಿಟ್', 'ಸಾಧನೆ' ಮತ್ತು 'ಪ್ರೂಫ್' ಎರಡೂ ಅಲ್ಲಿರಲಿ.

ಉತ್ತರವನ್ನು ಆಯ್ದುಕೊಳ್ಳುವಾಗ ಚಿಕ್ಕದಾಗಿದೆ ಎಂಬ ಕಾರಣಕ್ಕೆ ಮರುಳಾಗಬಾರದು. x = 0.999… ಎಂದಿಟ್ಟುಕೊಂಡು, 10x = 9.999… ಎಂಬುದರಿಂದ ಅದನ್ನು ಕಳೆದು, 9x = 9 ಎಂದು ತೋರಿಸುವ ವಿಧಾನ ಎಲ್ಲರಿಗೂ ಗೊತ್ತು; ಆದರೆ ಹತ್ತರಿಂದ ಗುಣಿಸಿದಾಗ ಕೊನೆಯಲ್ಲೊಂದು 9 ಕಡಿಮೆಯಾಗುತ್ತದೆ ಎಂದು ನಂಬಿದವರಿಗೆ ಅದು ಕಣ್ಕಟ್ಟಿನಂತೆಯೇ ಕಾಣುತ್ತದೆ. ಅವರಿಗೆ ಹೀಗೆ ಬರೆಯಬೇಕು: 0.9 ಎಂಬುದು 1ಕ್ಕಿಂತ 1/10ರಷ್ಟು ಕಡಿಮೆ, 0.99 ಎಂಬುದು 1/100ರಷ್ಟು ಕಡಿಮೆ, 0.999… ಇವೆಲ್ಲಕ್ಕಿಂತ ದೊಡ್ಡದು, ಆದರೆ 1ನ್ನು ಮೀರದು. ಆದ್ದರಿಂದ 1ಕ್ಕೂ ಅದಕ್ಕೂ ಇರುವ ಅಂತರ 1/10, 1/100, 1/1000 ಇವೆಲ್ಲವುಗಳಿಗಿಂತ ಚಿಕ್ಕದಾಗಿರಬೇಕು. ಅಷ್ಟು ಚಿಕ್ಕದಾದ ಧನ ವಾಸ್ತವ ಸಂಖ್ಯೆ ಯಾವುದೂ ಇಲ್ಲದ ಕಾರಣ ಅಂತರ ಸೊನ್ನೆ. ಇದರ ಕೆಳಗೆ "ಕೊನೆಯ 9 ಏನಾಯಿತು?" ಎಂಬ ಆಕ್ಷೇಪವನ್ನೂ, ಕೊನೆಯ 9 ಎಂಬುದೇ ಇಲ್ಲ ಎಂಬ ಸಮಾಧಾನವನ್ನೂ ಸೇರಿಸಿ. ಆಕ್ಷೇಪವಿಲ್ಲದ ಉತ್ತರ ಮುಂದಿನ ವಾರ ಅದೇ ಜಗಳವನ್ನು ಮತ್ತೆ ಎಳೆದು ತರುತ್ತದೆ.

ಕೆಲವು ಪ್ರಶ್ನೆಗಳಿಗೆ ಸಾಧನೆಗಿಂತ ಒಪ್ಪಂದವೇ ಉತ್ತರ. ಸೊನ್ನೆಯ ಘಾತ ಸೊನ್ನೆಯನ್ನು (0⁰) ಎಣಿಕೆಯ ಗಣಿತದಲ್ಲಿ 1 ಎಂದೇ ಹಿಡಿಯುತ್ತಾರೆ. ಮಿತಿಯ ಲೆಕ್ಕದಲ್ಲಾದರೋ ಅದು ಅನಿರ್ಧಾರಿತ ರೂಪ, ಅಂದರೆ ಆ ರೂಪವೊಂದನ್ನೇ ನೋಡಿ ಬೆಲೆ ಹೇಳಲಾಗದು. ಯಾವ ಸಂದರ್ಭಕ್ಕೆ ಯಾವ ಒಪ್ಪಂದ ಎಂದು ಹೇಳದೆ ಒಂದೇ ಉತ್ತರವನ್ನು ದಾಖಲಿಸಿದರೆ ಎರಡೂ ಕಡೆಯವರು ತಾವೇ ಸರಿ ಎನ್ನುತ್ತಾರೆ, ಮತ್ತು ಇಬ್ಬರೂ ಸರಿಯೇ.

ಪ್ರತಿ ಉತ್ತರದ ಕೆಳಗೂ ದಿನಾಂಕವಿರಲಿ. ಪೂರ್ಣಸಂಖ್ಯೆಗಳ ಘಾತಗಳ ಬಗೆಗಿನ ಪ್ರಸಿದ್ಧ ಹೇಳಿಕೆಯಾದ ಫರ್ಮಾನ ಕೊನೆಯ ಪ್ರಮೇಯಕ್ಕೆ ಸಾಧನೆ ಸಿಕ್ಕಿದೆಯೆಂದು ಗಣಿತಜ್ಞ ಆಂಡ್ರೂ ವೈಲ್ಸ್ 1993ರ ಜೂನ್‌ನಲ್ಲಿ ಪ್ರಕಟಿಸಿದರು, ಆಮೇಲೆ ಅದರಲ್ಲೊಂದು ಕೊರತೆ ಕಂಡುಬಂತು, 1994ರಲ್ಲಿ ರಿಚರ್ಡ್ ಟೇಲರ್ ಅವರ ನೆರವಿನಿಂದ ಅದು ಸರಿಹೋಗಿ 1995ರಲ್ಲಿ ಅಚ್ಚಾಯಿತು. ಆ ನಡುವೆ ದಿನಾಂಕವಿಲ್ಲದೆ ಬರೆದಿಟ್ಟ ಉತ್ತರವನ್ನು ಓದಿದವರು ಯಾವುದನ್ನು ನಂಬಬೇಕಿತ್ತು?

ಕಾಗದದಲ್ಲಿ ಬರೆದು ಫೋಟೊ ತೆಗೆದು ಹಾಕಿದ ಉತ್ತರ ಗುಂಪಿನ ಹುಡುಕಾಟದಲ್ಲಿ ಸಿಗದು. ಎಷ್ಟೇ ಬೇಸರವಾದರೂ ಟೈಪ್ ಮಾಡಿ, ವಿಳಾಸ ಬದಲಾಗದ ಒಂದೇ ಕಡತದಲ್ಲಿಡಿ, ತಿದ್ದುವ ಹೊಣೆಯನ್ನು ಇಬ್ಬರು ಮೂವರಿಗೆ ವಹಿಸಿ.

ಪ್ರಶ್ನೆ ಮತ್ತೆ ಬಂದಾಗ ಬರಿಯ ಕೊಂಡಿ ಎಸೆದರೆ ಹೊಸಬರಿಗೆ ಬಾಗಿಲು ಮುಚ್ಚಿದಂತಾಗುತ್ತದೆ. ಉತ್ತರದ ಸಾರವನ್ನು ಒಂದು ಸಾಲಿನಲ್ಲಿ ಬರೆದು, ಕೊಂಡಿ ಕೊಟ್ಟು, ಓದಿದ ಮೇಲೆ ಯಾವ ಸಾಲಿನಲ್ಲಿ ತೊಡಕಾಯಿತೆಂದು ಕೇಳಿ; ಅವರು ತೋರಿಸುವ ಸಾಲನ್ನು ಅಂದೇ ತಿದ್ದಿ.