ಡ್ರಿಲ್ಲಿಗಿಂತ ಮೊದಲು ಬ್ಯಾಟರಿ: ಕರಾವಳಿಯ ಮನೆಗೆ ಕಾರ್ಡ್‌ಲೆಸ್ ಉಪಕರಣ ಆರಿಸುವ ಬಗೆ

ಪರದೆಯ ಕಂಬಿ ಹಾಕುವುದಕ್ಕೆ, ಸಡಿಲವಾದ ಬಿಜಾಗರಿ ಬಿಗಿಮಾಡುವುದಕ್ಕೆ, ಅಡುಗೆಮನೆಯ ಗೋಡೆಗೆ ಒಂದು ಹಲಗೆ ಕೂರಿಸುವುದಕ್ಕೆ ಆಚಾರಿಗಳನ್ನು ಕರೆದರೆ ಅವರು ಬರುವಷ್ಟರಲ್ಲಿ ಎರಡು ಭಾನುವಾರ ಕಳೆದಿರುತ್ತದೆ. ಅರ್ಧ ಗಂಟೆಯ ಕೆಲಸಕ್ಕಾಗಿ ದಿನದ ದುಡಿಮೆ ಬಿಟ್ಟು ಅವರು ಬರದಿರುವುದರಲ್ಲಿ ತಪ್ಪೂ ಇಲ್ಲ. ಹಾಗಾಗಿ ಉಡುಪಿ, ಮಂಗಳೂರು ಕಡೆಯ ಅನೇಕ ಮನೆಗಳಲ್ಲಿ ಈಗ ಒಂದು ಕಾರ್ಡ್‌ಲೆಸ್ ಡ್ರಿಲ್ ಇದೆ, ಇಲ್ಲವೇ ಕೊಳ್ಳುವ ಆಲೋಚನೆ ಇದೆ. ಅಂಗಡಿಗೆ ಹೋದವರು ಮೊದಲು ಕೇಳುವುದು “ಯಾವ ಕಂಪೆನಿಯದ್ದು ಒಳ್ಳೆಯದು?” ಎಂದು. ನನ್ನ ಅಭಿಪ್ರಾಯದಲ್ಲಿ ಈ ಪ್ರಶ್ನೆಯನ್ನು ಕೊನೆಗೆ ಕೇಳಬೇಕು. ಮೊದಲು ನೋಡಬೇಕಾದದ್ದು ನಿಮ್ಮ ಮನೆಯ ಗೋಡೆಯನ್ನು, ಅನಂತರ ಬ್ಯಾಟರಿಯನ್ನು, ಆಮೇಲೆ ಆ ಬ್ಯಾಟರಿ ಕೆಟ್ಟರೆ ಅದನ್ನು ಹಿಡಿದುಕೊಂಡು ಎಲ್ಲಿಗೆ ಹೋಗಬೇಕು ಎಂಬುದನ್ನು.

ಗೋಡೆಯಿಂದ ಆರಂಭಿಸುವುದಕ್ಕೆ ಕಾರಣವಿದೆ. ನಮ್ಮ ಕಡೆಯ ಮನೆಗಳಲ್ಲಿ ಬಹಳಷ್ಟು ಮುರಕಲ್ಲಿನವು, ಅಂದರೆ ಕೆಂಪುಕಲ್ಲಿನವು. ಇಟ್ಟಿಗೆ ಗೋಡೆಯನ್ನೋ ಕಾಂಕ್ರೀಟ್ ಬ್ಲಾಕಿನ ಗೋಡೆಯನ್ನೋ ಮನಸ್ಸಿನಲ್ಲಿಟ್ಟುಕೊಂಡು ಬೇರೆ ಊರಿನವರು ಕೊಡುವ ಸಲಹೆ ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ. ಗಾರೆಯ ಪದರವನ್ನು ದಾಟಿ ಬಿಟ್, ಅಂದರೆ ಡ್ರಿಲ್ಲಿನ ಕೊರೆಯುವ ಕಡ್ಡಿ, ಕಲ್ಲಿಗೆ ತಾಗಿದ ಕೂಡಲೇ ಬೂದು ಪುಡಿ ನಿಂತು ಕೆಂಪು ಪುಡಿ ಉದುರತೊಡಗುತ್ತದೆ. ಕೈಗೆ ಒತ್ತಡವೇ ತಿಳಿಯದಂತೆ ಬಿಟ್ ಒಳಗೆ ಸಾಗುತ್ತದೆ. ಕಷ್ಟ ಇರುವುದು ತೂತು ಕೊರೆಯುವುದರಲ್ಲಲ್ಲ, ಸ್ಕ್ರೂ ಹಿಡಿದುಕೊಳ್ಳಲೆಂದು ಆ ತೂತಿನೊಳಗೆ ತೂರಿಸುವ ಪ್ಲಗ್ ನಿಲ್ಲಿಸುವುದರಲ್ಲಿ. ಮುರಕಲ್ಲಿನೊಳಗೆ ಪೊಳ್ಳುಗಳೂ ಮೆತ್ತನೆಯ ಜೇಡಿಯ ಗಂಟುಗಳೂ ಇರುವುದರಿಂದ, ಡ್ರಿಲ್ಲನ್ನು ಹ್ಯಾಮರ್‌ಗೆ, ಅಂದರೆ ಕುಟ್ಟುತ್ತ ಕೊರೆಯುವ ಬಗೆಗೆ, ತಿರುಗಿಸಿ ಕೊರೆದರೆ ತೂತಿನ ಅಂಚು ಜರಿದು ಅಗಲವಾಗುತ್ತದೆ, ಕೊನೆಗೆ ಸ್ಕ್ರೂ ತಿರುಗಿಸಿದಂತೆಲ್ಲ ಪ್ಲಗ್ಗೂ ಅದರ ಜೊತೆಯಲ್ಲೇ ತಿರುಗುತ್ತಿರುತ್ತದೆ. ಹ್ಯಾಮರ್ ಇಲ್ಲದೆ, ಪ್ಲಗ್ಗಿನ ಅಳತೆಗಿಂತ ಒಂದು ಮಿಲಿಮೀಟರ್ ಸಣ್ಣ ಬಿಟ್ಟಿನಿಂದ, ಗಾರೆಯನ್ನು ದಾಟಿ ಕಲ್ಲಿನೊಳಗೆ ಕೂರುವಷ್ಟು ಉದ್ದದ ಪ್ಲಗ್ ಹಾಕಿದರೆ ಅದು ನಿಲ್ಲುತ್ತದೆ. ಇದಕ್ಕೆ ದೊಡ್ಡ ಡ್ರಿಲ್ ಬೇಕಾಗಿಲ್ಲ. 12 ವೋಲ್ಟಿನದ್ದು ಸಾಕು.

ಆದರೆ ಅದೇ ಮನೆಯಲ್ಲಿ ಪರದೆಯ ಕಂಬಿ ಹಾಕಲು ಹೊರಟವರು, ಡ್ರಿಲ್ಲಿಗೆ ಏನೋ ಆಯಿತೆಂದು ಗಾಬರಿಯಾಗುವುದುಂಟು. ಕಿಟಕಿಯ ಮೇಲೆ ನಾಲ್ಕು ಬೆರಳು ಬಿಟ್ಟು ಗುರುತು ಹಾಕಿದ ಜಾಗದಲ್ಲಿ ಗೋಡೆ ಮುರಕಲ್ಲಿನದ್ದಲ್ಲ, ಆರ್‌ಸಿಸಿ ಲಿಂಟಲ್, ಅಂದರೆ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನ ಅಡ್ಡತೊಲೆ. ಗಾರೆಯ ಒಂದು ಇಂಚು ಸರಾಗವಾಗಿ ಹೋದ ಬಿಟ್ ಅಲ್ಲಿಗೆ ನಿಂತುಬಿಡುತ್ತದೆ, ಒತ್ತಿದರೆ ತುದಿ ಬಿಸಿಯಾಗಿ ನೀಲಿಗಟ್ಟುತ್ತದೆ. ಸಾಮಾನ್ಯ ಹ್ಯಾಮರ್ ಡ್ರಿಲ್ಲಿನೊಳಗೆ ಹಲ್ಲುಗಳಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಉಜ್ಜಿ ನಿಮಿಷಕ್ಕೆ ಸಾವಿರಾರು ಸಣ್ಣ ಕುಟ್ಟುಗಳನ್ನು ಕೊಡುತ್ತವೆ. ಪ್ರತಿಯೊಂದು ಕುಟ್ಟಿನ ಬಲ ಬಹಳ ಕಡಿಮೆ, ಉಳಿದದ್ದನ್ನು ನಿಮ್ಮ ಭುಜವೇ ಒದಗಿಸಬೇಕು. ರೋಟರಿ ಹ್ಯಾಮರ್ ಬೇರೆಯೇ ಯಂತ್ರ. ಅದರಲ್ಲಿ ಪಿಸ್ಟನ್ ಒತ್ತಿದ ಗಾಳಿ ಒಂದು ಸುತ್ತಿಗೆಯನ್ನು ಮುಂದಕ್ಕೆ ತಳ್ಳಿ ಬಿಟ್ಟಿನ ಬೆನ್ನಿಗೆ ಹೊಡೆಯುತ್ತದೆ, ಒತ್ತುವ ಅಗತ್ಯವೇ ಬೀಳುವುದಿಲ್ಲ. ಲಿಂಟಲ್ಲಿಗೂ ತಾರಸಿಗೂ ಅದೇ ಸರಿ. ಎಸ್‌ಡಿಎಸ್ ಪ್ಲಸ್ ಎಂಬ ಬಗೆಯ ಬಿಟ್ ಹಿಡಿಯುವ, ವೈರಿನ ಸಣ್ಣ ರೋಟರಿ ಹ್ಯಾಮರ್ ಒಂದನ್ನು ಬಾಡಿಗೆಗೆ ತಂದರೂ ಆಯಿತು, ನೆರೆಮನೆಯವರೊಂದಿಗೆ ಪಾಲಿನಲ್ಲಿ ಕೊಂಡರೂ ಆಯಿತು. ವರ್ಷಕ್ಕೆ ಹತ್ತು ತೂತುಗಳಿಗೋಸ್ಕರ ಬ್ಯಾಟರಿಯ ರೋಟರಿ ಹ್ಯಾಮರ್ ಕೊಳ್ಳುವುದು ನನಗೆ ದುಂದುವೆಚ್ಚವಾಗಿ ಕಾಣುತ್ತದೆ.

ಹೀಗೆ ಕಾಂಕ್ರೀಟಿನ ಕೆಲಸವನ್ನು ಪಕ್ಕಕ್ಕಿಟ್ಟರೆ ಕಾರ್ಡ್‌ಲೆಸ್‌ಗೆ ಉಳಿಯುವುದು ಮರ, ಪ್ಲೈವುಡ್, ತಗಡು ಮತ್ತು ಮುರಕಲ್ಲು. ಹಲಸಿನ ಮರಕ್ಕೂ ಸಾಗುವಾನಿಗೂ ಸುಮಾರು 30 ನ್ಯೂಟನ್ ಮೀಟರ್ ತಿರುಗುಬಲದ 12 ವೋಲ್ಟಿನ ಡ್ರಿಲ್ ಧಾರಾಳವಾಗಿ ಸಾಕು. ಬ್ಯಾಟರಿಯೂ ಸೇರಿ ಅದರ ತೂಕ ಒಂದು ಕಿಲೋದ ಆಸುಪಾಸಿನಲ್ಲಿರುತ್ತದೆ, ಏಣಿಯ ಮೇಲೆ ಒಂದೇ ಕೈಯಲ್ಲಿ ಹಿಡಿಯಬಹುದು. ಹಳೆಯ ಮನೆಯ ಕಿರಾಲುಬೋಗಿ ಎಂಬ ಗಟ್ಟಿಮರದ ದಾರಂದಕ್ಕೆ ಸ್ಕ್ರೂ ಹಾಕುವುದಾದರೆ ಮಾತ್ರ ಯಾವ ಡ್ರಿಲ್ಲಾದರೂ ಮೊದಲು ಸಣ್ಣ ತೂತು ಕೊರೆದುಕೊಳ್ಳಲೇಬೇಕು, ಇಲ್ಲವಾದರೆ ಸ್ಕ್ರೂವಿನ ತಲೆ ಮುರಿದು ಉಳಿದ ಭಾಗ ಮರದೊಳಗೇ ಉಳಿಯುತ್ತದೆ. ಹಿಂದಿನ ಆಚಾರಿಗಳು ಬೈರಿಗೆಯಿಂದ ಇದನ್ನೇ ಮಾಡುತ್ತಿದ್ದರು. ತಗಡಿನ ಮಾಡಿಗೆ ಸ್ಕ್ರೂ ಹೊಡೆಯುವುದು, ಮಂಚ ಮೇಜು ಮಾಡುವುದು, ಮುಂದೆ ತೋಟಕ್ಕೆ ಬ್ಯಾಟರಿಯ ಗರಗಸವನ್ನೋ ಸ್ಪ್ರೇಯರನ್ನೋ ತರುವುದು ಎಂಬ ಯೋಚನೆ ಇರುವವರು 18 ವೋಲ್ಟಿಗೆ ಹೋಗಬೇಕು. ಅದರ ತಿರುಗುಬಲ 50ರಿಂದ 60 ನ್ಯೂಟನ್ ಮೀಟರ್‌ವರೆಗೆ ಇರುತ್ತದೆ, ತೂಕವೂ ಅದಕ್ಕೆ ತಕ್ಕಂತೆ ಹೆಚ್ಚುತ್ತದೆ. ಎರಡೂ ಬೇಕೆನಿಸಿದರೆ 18 ಮಾತ್ರ ಕೊಳ್ಳಿ, ಏಕೆಂದರೆ 12ರ ಬ್ಯಾಟರಿ 18ಕ್ಕೆ ಕೂರುವುದಿಲ್ಲ.

ಡಬ್ಬಿಯ ಮೇಲಿನ ವೋಲ್ಟಿನ ಅಂಕೆಗಳಿಗೆ ಮಾರುಹೋಗಬಾರದು. ಈ ಬ್ಯಾಟರಿಗಳೊಳಗೆ ಲಿಥಿಯಮ್ ಅಯಾನ್ ಸೆಲ್‌ಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಒಂದು ಸೆಲ್ಲಿನ ಸಾಮಾನ್ಯ ಒತ್ತಡ 3.6 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 4.2. ಐದು ಸೆಲ್‌ಗಳ ಸಾಲನ್ನು ಒಬ್ಬರು 18 ಎನ್ನುತ್ತಾರೆ, ಇನ್ನೊಬ್ಬರು 20 ಮ್ಯಾಕ್ಸ್ ಎನ್ನುತ್ತಾರೆ, ಮತ್ತೊಬ್ಬರು 21 ಎನ್ನುತ್ತಾರೆ. ಮೂವರು ಮಾರುವುದೂ ಅದೇ ಐದು ಸೆಲ್. 12 ಎನ್ನುವುದು ಮೂರು ಸೆಲ್, ಅಂದರೆ ಲೆಕ್ಕದಲ್ಲಿ 10.8. ಅಗ್ಗದ ಡ್ರಿಲ್ಲುಗಳ ಮೇಲೆ 48, 88 ಎಂದೆಲ್ಲ ಮುದ್ರಿಸಿರುವುದು ಕಂಡರೆ ನಂಬಬೇಡಿ, ಅಲ್ಲಿಯೂ ಸಾಮಾನ್ಯವಾಗಿ ಐದು ಸೆಲ್‌ಗಳ ಸಾಲೇ ಇರುತ್ತದೆ. ವೋಲ್ಟನ್ನು ಆ್ಯಂಪಿಯರ್ ಅವರ್‌ನಿಂದ ಗುಣಿಸಿದರೆ ಬರುವ ವಾಟ್ ಅವರ್ ಎಂಬುದೇ ನಿಜವಾದ ಅಳತೆ. 18 ವೋಲ್ಟ್, 2 ಆ್ಯಂಪಿಯರ್ ಅವರ್ ಬ್ಯಾಟರಿಯಲ್ಲಿ ಇರುವುದು 36 ವಾಟ್ ಅವರ್, 4ರದ್ದಾದರೆ 72. ಸ್ಕ್ರೂ ಹಾಕುವುದಕ್ಕೆ 36 ಒಂದು ಭಾನುವಾರ ಪೂರ್ತಿ ಬರಬಹುದು. ಆದರೆ 700 ವಾಟ್ ಎಳೆಯುವ ಗ್ರೈಂಡರಿನ ಕೆಲಸವನ್ನು 72ರ ಬ್ಯಾಟರಿಯಿಂದ ಮಾಡಿಸಿದರೆ ಅದು ಆರು ನಿಮಿಷದಲ್ಲಿ ಖಾಲಿ. ಗ್ರೈಂಡರನ್ನು ವೈರಿನದ್ದೇ ಇಟ್ಟುಕೊಳ್ಳಿ ಎಂದು ಹೇಳುವುದು ಇದಕ್ಕಾಗಿಯೇ.

ಇನ್ನು ಕಂಪೆನಿಯ ಮಾತು. ಒಂದು ಕಂಪೆನಿಯ ಡ್ರಿಲ್ ಕೊಂಡ ದಿನವೇ ಮುಂದಿನ ಐದು ಉಪಕರಣಗಳ ಕಂಪೆನಿಯನ್ನೂ ನೀವು ಗೊತ್ತುಮಾಡಿದಂತೆ, ಏಕೆಂದರೆ ಸಾಮಾನ್ಯವಾಗಿ ಒಂದು ಕಂಪೆನಿಯ ಬ್ಯಾಟರಿ ಇನ್ನೊಂದಕ್ಕೆ ಕೂರುವುದಿಲ್ಲ. ಒಂದೇ ಕಂಪೆನಿಯೊಳಗೂ ಬೇಲಿಗಳಿವೆ. ಬಾಷ್‌ನಲ್ಲಿ ವೃತ್ತಿಯವರಿಗಾಗಿ ಮಾಡಿದ ನೀಲಿ ಬಣ್ಣದ ಉಪಕರಣಗಳ 18 ವೋಲ್ಟಿನ ಬ್ಯಾಟರಿ, ಮನೆಬಳಕೆಯ ಹಸಿರು ಬಣ್ಣದ ಉಪಕರಣಗಳಿಗೆ ಆಗುವುದಿಲ್ಲ. ಮಕಿಟಾದ ಎಲ್‌ಎಕ್ಸ್‌ಟಿ ಸರಣಿಯೂ, ಕಡಿಮೆ ಬೆಲೆಗೆ ಸಿಗುವ ಅದರ ಜಿ ಸರಣಿಯೂ ಎರಡೂ 18 ವೋಲ್ಟೇ ಆದರೂ ಬ್ಯಾಟರಿಗಳು ಬೇರೆ ಬೇರೆ. ಅಗ್ಗವೆಂದು ಜಿ ಸರಣಿಯ ಡ್ರಿಲ್ ತಂದು, ಮರುವರ್ಷ ಎಲ್‌ಎಕ್ಸ್‌ಟಿಯ ಗರಗಸ ತಂದವರು ಎರಡು ಚಾರ್ಜರ್ ಇಟ್ಟುಕೊಳ್ಳಬೇಕಾಗುತ್ತದೆ. ಡಿವಾಲ್ಟ್ ಮತ್ತು ಬ್ಲ್ಯಾಕ್ ಆ್ಯಂಡ್ ಡೆಕರ್ ಒಂದೇ ಸಂಸ್ಥೆಯವು, ಆದರೆ ಅವುಗಳ ಬ್ಯಾಟರಿಗೂ ಪರಸ್ಪರ ಹೊಂದಾಣಿಕೆ ಇಲ್ಲ. ಅಂಗಡಿಯವರು “ಎಲ್ಲ ಒಂದೇ ಸರ್” ಎಂದರೆ, ನೀವು ಮುಂದೆ ಕೊಳ್ಳಬೇಕೆಂದಿರುವ ಉಪಕರಣವನ್ನು ಷೋಕೇಸಿನಿಂದ ತೆಗೆಸಿ, ಈ ಬ್ಯಾಟರಿಯನ್ನು ಅದಕ್ಕೆ ಹಾಕಿಸಿ ನೋಡಿ.

ಬಾಷ್ ನೀಲಿ, ಮಕಿಟಾ ಎಲ್‌ಎಕ್ಸ್‌ಟಿ, ಡಿವಾಲ್ಟ್ ಈ ಮೂರರಲ್ಲಿ ಯಾವುದನ್ನು ತೆಗೆದುಕೊಂಡರೂ ವಾರಾಂತ್ಯದ ಕೆಲಸದಲ್ಲಿ ವ್ಯತ್ಯಾಸ ನಿಮಗೆ ತಿಳಿಯಲಾರದು. ಕೈಹಿಡಿ ಯಾವುದು ನಿಮ್ಮ ಅಂಗೈಗೆ ಒಗ್ಗುತ್ತದೆ ಎಂಬುದೇ ಹೆಚ್ಚು ಮುಖ್ಯವಾಗಬಹುದು. 2005ರಲ್ಲಿ ಬಂದ ಎಲ್‌ಎಕ್ಸ್‌ಟಿ ಸರಣಿ ಇಂದಿಗೂ ನಡೆಯುತ್ತಿರುವುದನ್ನು ನಾನು ಅದರ ದೊಡ್ಡ ಗುಣವೆಂದು ಎಣಿಸುತ್ತೇನೆ, ಏಕೆಂದರೆ ಬ್ಯಾಟರಿಯ ಸರಣಿ ನಿಂತುಹೋದರೆ ಚೆನ್ನಾಗಿರುವ ಡ್ರಿಲ್ಲೂ ಗುಜರಿಗೆ ಸೇರುತ್ತದೆ. ಬ್ರಷ್‌ಲೆಸ್ ಮೋಟಾರಿನದ್ದಕ್ಕೆ ಹೆಚ್ಚು ಹಣ ಕೊಡಬೇಕೇ ಎಂದು ಕೇಳುವವರಿಗೆ: ಅದರಲ್ಲಿ ಕಾರ್ಬನ್ ಬ್ರಷ್ ಸವೆಯುವ ಪ್ರಶ್ನೆಯಿಲ್ಲ, ಅದೇ ಬ್ಯಾಟರಿಯಲ್ಲಿ ಹೆಚ್ಚು ಹೊತ್ತು ಓಡುತ್ತದೆ, ಆದರೆ ತಿಂಗಳಿಗೆ ಎರಡು ಭಾನುವಾರ ಬಳಸುವವರ ಬ್ರಷ್ ಸವೆಯುವುದಕ್ಕೆ ವರ್ಷಗಳು ಬೇಕು. ಆ ಹಣವನ್ನು ಎರಡನೆಯ ಬ್ಯಾಟರಿಗೆ ಹಾಕುವುದು ಲೇಸು.

ಹೆಸರು ಕೇಳದ ಕಂಪೆನಿಯ ಅಗ್ಗದ ಡ್ರಿಲ್ ಕೊಳ್ಳಬಾರದೆಂದು ನಾನು ಹೇಳುವುದಿಲ್ಲ. ನನ್ನ ಮೊದಲ ಡ್ರಿಲ್ ಅಂಥದ್ದೇ, ಎರಡು ವರ್ಷ ಚೆನ್ನಾಗಿ ದುಡಿಯಿತು. ಮೂರನೆಯ ಮಳೆಗಾಲಕ್ಕೆ ಮೊದಲು ಖಾಲಿ ಬ್ಯಾಟರಿಯನ್ನು ಹಾಗೆಯೇ ಪೆಟ್ಟಿಗೆಗೆ ಹಾಕಿ ಚಾವಡಿಯ ಮೂಲೆಯಲ್ಲಿಟ್ಟೆ. ದೀಪಾವಳಿಗೆ ತೆಗೆದು ಚಾರ್ಜಿಗೆ ಇಟ್ಟಾಗ ಕೆಂಪು ದೀಪ ಮಿಣುಕುತ್ತಲೇ ಇತ್ತು, ಹಸಿರಾಗಲೇ ಇಲ್ಲ. ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದಿದ್ದ ಸೆಲ್‌ಗಳ ಒತ್ತಡ ತೀರ ಕೆಳಗಿಳಿದಿತ್ತು, ಅಂಥ ಸೆಲ್‌ಗಳನ್ನು ಚಾರ್ಜರ್ ಸ್ವೀಕರಿಸುವುದಿಲ್ಲ. ತಪ್ಪು ನನ್ನದೇ. ಆದರೆ ಹೊಸ ಬ್ಯಾಟರಿಗಾಗಿ ಹುಡುಕಿದಾಗ ಆ ಹೆಸರಿನ ಕಂಪೆನಿಯೇ ಮಾರುಕಟ್ಟೆಯಲ್ಲಿ ಉಳಿದಿರಲಿಲ್ಲ. ಅಗ್ಗದ್ದನ್ನು ಕೊಳ್ಳುವವರು ಮೊದಲ ದಿನವೇ ಎರಡು ಬ್ಯಾಟರಿ ಇರುವ ಸೆಟ್ಟನ್ನು ಕೊಂಡು, ಅವು ಸತ್ತ ದಿನ ಡ್ರಿಲ್ಲೂ ಸತ್ತಂತೆ ಎಂದು ಲೆಕ್ಕ ಹಾಕಿಕೊಳ್ಳಬೇಕು. ಹೆಸರಾಂತ ಕಂಪೆನಿಗಳ ಬ್ಯಾಟರಿಯಂತೆಯೇ ಕಾಣುವ ನಕಲಿ ಬ್ಯಾಟರಿಗಳೂ ಸಿಗುತ್ತವೆ. ಒಳಗಿನ ರಕ್ಷಣಾ ಸರ್ಕ್ಯೂಟ್ ಹೇಗಿದೆಯೋ ತಿಳಿಯದ ಲಿಥಿಯಮ್ ಬ್ಯಾಟರಿಯನ್ನು ರಾತ್ರಿಯೆಲ್ಲ ಮನೆಯೊಳಗೆ ಚಾರ್ಜಿಗೆ ಇಡುವ ಧೈರ್ಯ ನನಗಿಲ್ಲ.

ಸರ್ವಿಸ್ ವಿಚಾರಿಸುವಾಗ “ಸರ್ವಿಸ್ ಉಂಟಾ?” ಎಂದು ಕೇಳಿದರೆ “ಉಂಟು” ಎಂಬ ಉತ್ತರವೇ ಬರುತ್ತದೆ. ಕೇಳಬೇಕಾದದ್ದು ರಿಪೇರಿ ಇಲ್ಲಿಯೇ ಆಗುತ್ತದೆಯೇ ಅಥವಾ ಬೆಂಗಳೂರಿಗೆ ಕಳುಹಿಸುತ್ತಾರೆಯೇ, ಸ್ವಿಚ್ ಮತ್ತು ಬಿಟ್ಟನ್ನು ಹಿಡಿಯುವ ಚಕ್ ಸ್ಟಾಕಿನಲ್ಲಿ ಇರುತ್ತದೆಯೇ, ಬಿಡಿ ಬ್ಯಾಟರಿಯ ಬೆಲೆ ಎಷ್ಟು, ಬ್ಯಾಟರಿಗೆ ವಾರಂಟಿ ಎಷ್ಟು ತಿಂಗಳು ಎಂದು. ಡ್ರಿಲ್ಲಿನ ವಾರಂಟಿಯೂ ಬ್ಯಾಟರಿಯ ವಾರಂಟಿಯೂ ಒಂದೇ ಆಗಿರಬೇಕೆಂದಿಲ್ಲ. ಉಡುಪಿಯವರು, ಕುಂದಾಪುರದವರು ಮಂಗಳೂರಿನ ಸೆಂಟರಿಗೆ ಒಮ್ಮೆ ಫೋನು ಮಾಡಿ ಖಚಿತಪಡಿಸಿಕೊಂಡೇ ಹಣ ಕೊಡುವುದು ಒಳ್ಳೆಯದು. ಊರಿನ ಆಚಾರಿಗಳ ಕೈಯಲ್ಲಿ ಯಾವುದಿದೆ ಎಂದು ನೋಡುವುದೂ ಉಪಯೋಗಕ್ಕೆ ಬರುತ್ತದೆ; ದಿನವಿಡೀ ದುಡಿಯುವವರು ರಿಪೇರಿಯಾಗದ್ದನ್ನು ಇಟ್ಟುಕೊಳ್ಳುವುದಿಲ್ಲ.

ನಮ್ಮ ಕಡೆ ಇನ್ನೊಂದು ದಾರಿ ಇದೆ. ಮನೆಯವರು ಯಾರಾದರೂ ದುಬೈಯಲ್ಲೋ ಕುವೈತಿನಲ್ಲೋ ಇದ್ದು, “ಬರುವಾಗ ಏನು ತರಲಿ?” ಎಂದು ಕೇಳುತ್ತಾರೆ. ಡ್ರಿಲ್ಲನ್ನು ಚೆಕ್‌ಇನ್ ಲಗೇಜಿಗೆ ಹಾಕಿ, ಬಿಡಿ ಬ್ಯಾಟರಿಗಳನ್ನು ತುದಿಗಳಿಗೆ ಟೇಪ್ ಸುತ್ತಿ ಕೈಚೀಲದಲ್ಲಿ ತರಬೇಕೆಂದು ಅವರಿಗೆ ಮೊದಲೇ ಹೇಳಿ. ವಿಮಾನದಲ್ಲಿ ಅನುಮತಿ ಕೇಳದೆ ತರಬಹುದಾದ ಮಿತಿ 100 ವಾಟ್ ಅವರ್. 18 ವೋಲ್ಟಿನ 5 ಆ್ಯಂಪಿಯರ್ ಅವರ್ ಬ್ಯಾಟರಿ 90 ಆಗುತ್ತದೆ, 6ರದ್ದು 108 ಆಗಿ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕಾಗುತ್ತದೆ. ದುಬೈಯ ಚಾರ್ಜರಿನ ಪಿನ್ ಮಾತ್ರ ಬೇರೆ, ಒಂದು ಅಡಾಪ್ಟರ್ ಸಾಕು. ಅಮೆರಿಕದಿಂದ ಬರುವ ಚಾರ್ಜರುಗಳು ಬಹುಪಾಲು 120 ವೋಲ್ಟಿನವು, ನಮ್ಮ 230 ವೋಲ್ಟಿಗೆ ಚುಚ್ಚಿದರೆ ಸುಟ್ಟುಹೋಗುತ್ತವೆ; ಅಲ್ಲಿಂದ ತರಿಸುವುದಾದರೆ ಚಾರ್ಜರನ್ನು ಇಲ್ಲಿಯೇ ಕೊಳ್ಳಿ. ಹೊರದೇಶದ ಬಿಲ್ಲಿಗೆ ಇಲ್ಲಿ ವಾರಂಟಿ ಸಿಗುತ್ತದೆಯೇ ಎಂಬುದನ್ನೂ ತರಿಸುವ ಮೊದಲೇ ಕೇಳಿರಬೇಕು.

ಅಂಗಡಿಯಲ್ಲಿ ಹಣ ಕೊಡುವ ಮೊದಲು ಡಬ್ಬಿ ತೆರೆಸಿ. ಬೆಲೆ ವಿಪರೀತ ಕಡಿಮೆ ಇದ್ದರೆ ಅದು ಬ್ಯಾಟರಿ ಚಾರ್ಜರ್ ಇಲ್ಲದ ಬರಿಯ ಯಂತ್ರವಾಗಿರಬಹುದು. ಮಕಿಟಾದಲ್ಲಿ ಮಾಡೆಲ್ ಸಂಖ್ಯೆಯ ಕೊನೆಗೆ ಝಡ್ ಇದ್ದರೆ ಅದೇ ಅರ್ಥ. ಚಕ್ಕಿಗೆ ಉದ್ದನೆಯ ಬಿಟ್ ಒಂದನ್ನು ಹಾಕಿಸಿ ನಿಧಾನವಾಗಿ ತಿರುಗಿಸಿ ನೋಡಿ, ತುದಿ ಅಲುಗದೆ ನಿಂತಲ್ಲೇ ತಿರುಗಬೇಕು. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಕೊಂಡ ಮೇಲೆ ಈ ಉಪಕರಣಗಳಿಗೆ ಕೆಲಸಕ್ಕಿಂತ ಹೆಚ್ಚು ಪೆಟ್ಟು ಕೊಡುವುದು ನಮ್ಮ ಹವೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರು ಮೀರಿ ಮಳೆ ಸುರಿಯುವ ಊರಿನಲ್ಲಿ, ಅದರಲ್ಲೂ ಮಲ್ಪೆ, ಉಳ್ಳಾಲದಂತಹ ಕಡಲ ಬದಿಯಲ್ಲಿ, ಚಕ್ಕಿನ ದವಡೆಗಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಮೇ ಕೊನೆಯ ವಾರದಲ್ಲಿ ಚಕ್ಕಿಗೆ ಒಂದೆರಡು ತೊಟ್ಟು ಮೆಷಿನ್ ಎಣ್ಣೆ ಬಿಟ್ಟು, ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಕಳಚಿ, ಮುಚ್ಚಳ ಬಿಗಿಯಾಗುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮನೆಯ ಒಳಕೋಣೆಯಲ್ಲಿ ಇಡಬೇಕು. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಒಮ್ಮೆ ತೆಗೆದು ಬ್ಯಾಟರಿಯ ಮೇಲಿನ ದೀಪಗಳಲ್ಲಿ ಚಾರ್ಜ್ ಎಷ್ಟಿದೆ ಎಂದು ನೋಡಿ, ಒಂದೇ ದೀಪ ಉರಿಯುತ್ತಿದ್ದರೆ ಎರಡು ದೀಪ ಬರುವವರೆಗೆ ಚಾರ್ಜ್ ಮಾಡಿ ಮತ್ತೆ ಒಳಗಿಡಿ.